ಗಂಗೂ ಆತೆ ಹೊಸೆದ ಹಗ್ಗ

ಸದಾಶಿವಗಡದಲ್ಲಿ ಕಾಳಿ ಹೊಳೆಯ ಒಂದು ಕವಲು ಒಳಗೆ ಹೊಗುವಲ್ಲಿ ದೇವಿದಾಸನ ಗದ್ದೆ. ಗದ್ದೆಗೂ ಉಪ್ಪುನೀರಿಗೂ ನಡುವೆ ಒಂದು ಮಣ್ಣಿನ ಒಡ್ಡು. ಅದಕ್ಕೆ ಅಲ್ಲಿಯ ಕೊಂಕಣಿಯಲ್ಲಿ ಬಾಂದ್ ಎನ್ನುತ್ತಾರೆ. ಬಾಂದಿನ ಮೇಲೆ, ತೂಬಿನಿಂದ ಹದಿನೇಳು ಹೆಜ್ಜೆಯಲ್ಲಿ, ಮೊಣಕಾಲೆತ್ತರದ ಒಂದು ಕರಿಕಲ್ಲು. ಅದೇ ಖಾಪ್ರಿ. ಖಾಪ್ರಿ ಅಂದರೆ ಆ ಕಡೆಯವರ ಬಾಯಲ್ಲಿ ಆಫ್ರಿಕಾದ ಮನುಷ್ಯ. ಹಿಂದೆ ಪೋರ್ತುಗೀಜರು ಹಡಗಿನಲ್ಲಿ ತುಂಬಿಕೊಂಡು ಬಂದು ಗೋವೆಯಲ್ಲಿ ಮಾರಿದ ಜನ.

ವೈಶಾಖದ ಅಮಾವಾಸ್ಯೆಗೆ, ಬಾಂದಿಗೆ ಹೊಸ ಮಣ್ಣು ಹಾಕಿ ಮುಗಿದ ಮೇಲೆ, ಮನೆಯವರೆಲ್ಲ ಖಾಪ್ರಿಗೆ ನಡೆದುಕೊಳ್ಳುವ ರೂಢಿ. ಒಂದು ಕೋಳಿ, ಒಂದು ಕುಡಿಕೆ ಸೆರೆ, ಹೊತ್ತಿಸಿದ ಒಂದು ಚುಟ್ಟಾ. ಆಮೇಲೆ ಮನೆಯ ಸಣ್ಣ ಹುಡುಗಿಯೊಬ್ಬಳು ಕಲ್ಲಿನೆದುರು ನಿಂತು "ಬಾಂದ್" ಅನ್ನಬೇಕು. ಅಂದ ಕೂಡಲೇ ಯಜಮಾನ ಹೊಸ ಕತ್ತದ ಹಗ್ಗವನ್ನು ಕಲ್ಲಿಗೆ ಮೂರು ಸುತ್ತು ಸುತ್ತಿ ಗಂಟು ಹಾಕಬೇಕು. ಕೊಂಕಣಿಯಲ್ಲಿ ಬಾಂದ್ ಅಂದರೆ ಒಡ್ಡೂ ಹೌದು, ಕಟ್ಟು ಎಂಬ ಅಪ್ಪಣೆಯೂ ಹೌದು. ಹುಡುಗಿ ಹೇಳಿದ್ದು ಯಾವುದನ್ನು ಎಂದು ಯಾರೂ ಕೇಳುತ್ತಿರಲಿಲ್ಲ.

"ಹಿಂದೆ ಒಂದು ಮಳೆಗಾಲದಲ್ಲಿ ಬಾಂದ್ ಒಡೀತು. ಒಬ್ಬ ಖಾಪ್ರಿ ಆ ಸಂದಿಗೆ ಮೈಕೊಟ್ಟು ಮಲಗಿದ. ಗದ್ದೆ ಉಳೀತು, ಅವನು ಹೋದ," ಎಂದು ದೇವಿದಾಸ ಬಂದವರಿಗೆಲ್ಲ ಹೇಳುತ್ತಿದ್ದ. ಕಲ್ಲನ್ನು ಕಟ್ಟುವುದು ಯಾಕೆಂದರೆ, ಅವನು ಬಾಂದ್ ಬಿಟ್ಟು ಹೋಗದಿರಲಿ ಎಂದು.

ಆ ಹಗ್ಗ ಹೊಸೆಯುವುದು ಗಂಗೂ ಆತೆಯ ಕೆಲಸ. ಅವಳು ದೇವಿದಾಸನ ಅಪ್ಪನ ಅಕ್ಕ. ಹತ್ತೊಂಬತ್ತಕ್ಕೆ ಗಂಡ ಸತ್ತು ತವರಿಗೆ ಬಂದವಳು, ಅಂದಿನಿಂದ ಎಪ್ಪತ್ತೆಂಟರವರೆಗೂ ತೆಂಗಿನ ಸಿಪ್ಪೆ ಕೆಸರಿನಲ್ಲಿ ಹೂತು, ಕೊಳೆಸಿ, ಬಡಿದು, ನಾರು ಬಿಡಿಸಿ ಹಗ್ಗ ಹೊಸೆದವಳು. ಊರಿನ ಅರ್ಧ ದೋಣಿಗಳು ನಿಂತದ್ದು ಅವಳ ಹಗ್ಗದಲ್ಲಿ. ಆದರೆ ವಿಧವೆಯೆಂದು ಅಮಾವಾಸ್ಯೆಯ ದಿನ ಅವಳು ಬಾಂದಿಗೆ ಹೋಗುವ ಹಾಗಿರಲಿಲ್ಲ. ಹಗ್ಗ ಮಾತ್ರ ಹೋಗುತ್ತಿತ್ತು.

ದೇವಿದಾಸ ಹೇಳುವ ಕತೆ ಸುಳ್ಳೆಂದು ಬಲ್ಲವಳು ಆ ಮನೆಯಲ್ಲಿ ಅವಳೊಬ್ಬಳೇ ಉಳಿದಿದ್ದಳು.

ಅವಳಿಗೆ ಆಗ ಎಂಟು ವರ್ಷ. ಘಟ್ಟದ ಮೇಲಿಂದ ಗಾಡಿಗಟ್ಟಲೆ ಹತ್ತಿ ಇಳಿದು ಕಾರವಾರ ಬಂದರಿಗೆ ಬರುತ್ತಿದ್ದ ಕಾಲ. ಹತ್ತಿಯ ಹೊರೆ ಬಿಗಿಯಲು ಹಗ್ಗ ಎಷ್ಟಿದ್ದರೂ ಸಾಲದು. ಅವಳ ಅಪ್ಪ ಜಟ್ಟಿ ಹಗ್ಗ ಹೊಸೆದು ದೋಣಿಯಲ್ಲಿ ಹೊಳೆ ದಾಟಿಸಿ ಕೊಟ್ಟು ಬರುತ್ತಿದ್ದ. ಒಂದು ಬೆಳಿಗ್ಗೆ ಗಂಗೂವಿನ ಅಜ್ಜಿ ಸಿಪ್ಪೆಯ ಕೊಟ್ಟಿಗೆಗೆ ಹೋದಾಗ ಒಳಗೆ ಒಬ್ಬ ಮನುಷ್ಯ ಮುದುಡಿ ಕೂತಿದ್ದ. ಎರಡೂ ಕಾಲಿನ ಹರಡಿನಲ್ಲಿ ಕಬ್ಬಿಣ ತಿಂದ ಗಾಯ. ಗೋವೆಯ ಒಬ್ಬ ಒಡೆಯನ ಮನೆಯಿಂದ ಓಡಿ ಬಂದವನು. ಅಜ್ಜಿ ಏನೂ ಕೇಳದೆ ಗಂಜಿ ಹಾಕಿದಳು. ಉಂಡು, ಒಂದು ಚುಟ್ಟಾ ಇದ್ದರೆ ಕೊಡಿ ಎಂದ.

ಜಟ್ಟಿ ಅವನಿಗೆ ಮಾತು ಕೊಟ್ಟ. "ನಾಡಿದ್ದು ಕತ್ತಲಿರುವಾಗಲೇ ನೀರು ಏರ್ತದೆ, ಆ ಭರತಿಗೆ ದೋಣಿಯಲ್ಲಿ ಆಚೆ ದಡಕ್ಕೆ ಬಿಡ್ತೇನೆ. ಅಲ್ಲಿಂದ ಅಂಕೋಲೆ ಹಿಡಿ, ಘಟ್ಟ ಹತ್ತು. ಕಾಡಿನಲ್ಲಿ ನಿಮ್ಮವರು ಇದ್ದಾರಂತೆ."

ಆ ಹಗಲು ಅವನು ಬಾಂದಿನ ತುದಿಯಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲದ ಪೊದೆಯ ಮರೆಯಲ್ಲಿ ಕೂತಿದ್ದ. ಗಂಗೂ ಗಂಜಿ ಒಯ್ದು ಕೊಟ್ಟಳು, ಕೈಯಲ್ಲಿ ಹೊಸೆಯುವ ನಾರು ಇದ್ದೇ ಇತ್ತು. ಅವಳ ಎಳೆ ಪದೇ ಪದೇ ಜಾರುವುದನ್ನು ಅವನು ನೋಡಿದ. "ಹಾಗಲ್ಲ ಬಾಯ್," ಎಂದು, ಗೋವೆಯವರು ಹುಡುಗಿಯರನ್ನು ಕರೆಯುವ ಹಾಗೆ ಕರೆದು, ನಾರಿನ ತುದಿಯನ್ನು ತನ್ನ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ತೋರಿಸಿದ. ಬೆರಳು ಎಳೆದು ಹಿಡಿಯಿತು, ಎರಡು ಕೈಯೂ ಬಿಡುವಾದವು, ಹಗ್ಗ ಸರಸರ ಇಳಿಯಿತು. ಗಂಗೂ ಆತೆ ಮುಂದೆ ಎಪ್ಪತ್ತು ವರ್ಷ ಹಗ್ಗ ಹೊಸೆದದ್ದು ಹಾಗೆಯೇ. ಯಾರು ಕಲಿಸಿದರು ಎಂದು ಕೇಳಿದರೆ, ಅಪ್ಪ ಎನ್ನುತ್ತಿದ್ದಳು.

ಮರುದಿನ ಜಟ್ಟಿ ಹಗ್ಗ ಕೊಡಲು ಹೊಳೆಯಾಚೆ ಹೋಗಿದ್ದ. ಅಜ್ಜಿ ಗದ್ದೆಯಲ್ಲಿದ್ದಳು. ಗೋವೆಯ ಕಡೆಯ ಮೂವರು ಗಂಡಸರು ಬಂದು ಜಗಲಿಯಲ್ಲಿ ಕೂತರು. ಕೆಂಪು ರುಮಾಲಿನವನು ನಗುಮುಖದವನು. ಎಲೆ ಬಿಚ್ಚಿ ಶುಂಠಿ ಬೆಲ್ಲದ ಖಾಜೆ ಕೊಟ್ಟ. ಗಂಗೂ ಒಂದು ತಿಂದಳು, ಎರಡು ತಿಂದಳು.

"ಖಾಪ್ರಿ ಖಂಯ್ ಆಸಾ?" ಎಂದ. ಖಾಪ್ರಿ ಎಲ್ಲಿದ್ದಾನೆ?

ಬಾಯಿ ತುಂಬ ಖಾಜೆ. "ಬಾಂದ್," ಎಂದಳು.

ಬಾಂದಿನ ಮೇಲೆ ಎಂದು ಹೇಳಹೊರಟದ್ದು. ಅಷ್ಟೇ ಬಾಯಿಂದ ಬಂತು. ಬೆರಳು ಮಾತ್ರ ಸರಿಯಾಗಿ ತೋರಿಸಿತು.

ಮೂವರೂ ಹೋಗಿ ಎಳೆದು ತಂದರು. ಕಟ್ಟಲು ಅವರ ಹತ್ತಿರ ಏನೂ ಇರಲಿಲ್ಲ. ಜಗಲಿಯಲ್ಲಿ ಹತ್ತಿಯ ಹೊರೆಗೆಂದು ಸುತ್ತಿಟ್ಟ ಹಗ್ಗ ಇತ್ತು. ಕೆಂಪು ರುಮಾಲಿನವನು ಅದನ್ನು ಎತ್ತಿಕೊಂಡು, "ಬಾಯ್ ಎಂತ ಹೇಳ್ತು ಕೇಳಿದಿರಲ್ಲ? ಬಾಂದ್ ಅಂತು. ದೊಡ್ಡವರ ಅಪ್ಪಣೆ ಮೀರಬಾರದಪ್ಪಾ," ಎಂದ. ಉಳಿದಿಬ್ಬರು ನಕ್ಕರು. ಕೈ ಹಿಂದಕ್ಕೆ ಕಟ್ಟಿಸಿಕೊಳ್ಳುತ್ತಿದ್ದವನು ಆ ಮಾತು ಕೇಳಿಸಿಕೊಂಡ. ಒಮ್ಮೆ ಗಂಗೂವಿನ ಕಡೆ ನೋಡಿದ. ಅವಳು ಬಾಯಲ್ಲಿದ್ದದ್ದನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ.

ಸಂಜೆ ಜಟ್ಟಿ ಬಂದ. ಬಯ್ಯಲಿಲ್ಲ, ಹೊಡೆಯಲಿಲ್ಲ. ಕಾಲು ತೊಳೆದುಕೊಂಡು, "ಹೋಗಲಿ, ಪರರ ಸೊತ್ತು," ಎಂದ. ತಿಂಗಳಾದ ಮೇಲೆ ಗೋವೆಯ ಒಡೆಯ ಒಂದು ತಾಮ್ರದ ಹಂಡೆ ಕಳಿಸಿದ. ಅದನ್ನೂ ಜಟ್ಟಿ ಬೇಡ ಎನ್ನಲಿಲ್ಲ.

ಆ ಮಳೆಗಾಲ ಬಾಂದ್ ಒಡೆಯಿತು. ಎರಡು ವರ್ಷ ಗದ್ದೆಯಲ್ಲಿ ಉಪ್ಪುನೀರು ನಿಂತಿತು. ದೇವರು ಮೈಮೇಲೆ ಬರುವ ಘಾಡಿಯನ್ನು ಕರೆಸಿ ಕೇಳಿದರೆ, ಕಟ್ಟಿಸಿಕೊಂಡು ಹೋದವನ ನಿಟ್ಟುಸಿರು ತಾಗಿದೆ ಎಂದ. ಕಲ್ಲು ನೆಡಿ, ಕೋಳಿ ಕೊಡಿ, ಹೇಗೆ ಕಟ್ಟಿ ಕಳಿಸಿದಿರೋ ಹಾಗೇ ಕಟ್ಟಿ ಇಟ್ಟುಕೊಳ್ಳಿ, ಬಾಂದ್ ಹಿಡಿಯುತ್ತಾನೆ. ಅಂದು ಆ ಮಾತು ಹೇಳಿದ ಬಾಯೇ ಮತ್ತೆ ಹೇಳಲಿ ಎಂದ. ಹಾಗೆ ಮೊದಲ ನಾಲ್ಕು ವರ್ಷ ಕಲ್ಲಿನೆದುರು ನಿಂತು "ಬಾಂದ್" ಅಂದವಳು ಗಂಗೂವೇ. ಮದುವೆಯಾಗಿ ಹೋದ ಮೇಲೆ ಬೇರೆ ಹುಡುಗಿಯರು ಹೇಳಿದರು. ಬಾಂದ್ ಮತ್ತೆ ಒಡೆಯಲಿಲ್ಲ. ಬಲ್ಲವರು ಒಬ್ಬೊಬ್ಬರಾಗಿ ಸತ್ತರು. ಹಿಡಿದುಕೊಟ್ಟ ಕತೆ ಕಾದುಕೊಟ್ಟ ಕತೆಯಾಯಿತು. ಗಂಗೂ ತಿದ್ದಲು ಹೋಗಲಿಲ್ಲ.

ಉಪ್ಪಿನ ಗಲಾಟೆ, ಕರ ಕೊಡದ ಗಲಾಟೆ ಎಲ್ಲ ತಣ್ಣಗಾದ ಮೇಲೆ, ಸಾವಿರದ ಒಂಬೈನೂರ ಮೂವತ್ತೈದರ ಚೈತ್ರದಲ್ಲಿ, ಅವಳು ಅಂಕೋಲೆಗೆ ಹೋದಳು. ದೇವಿದಾಸನ ತಮ್ಮ ಮಧುಕರ ಅಲ್ಲಿ ಶಾಲೆ ಮಾಸ್ತರ. ಹೊಳೆ ದಾಟಿ, ಕೋಡಿಬಾಗದಿಂದ ಮೋಟಾರು ಹತ್ತಿ, ದಾರಿಯಲ್ಲಿ ಎರಡು ಸಲ ವಾಂತಿ ಮಾಡಿ ತಲುಪಿದಳು.

ಮಧುಕರನಿಗೆ ಹಳೆಯ ಸುದ್ದಿ ಕೇಳುವ ಹುಚ್ಚು. ಅಜ್ಜನ ಹಗ್ಗದ ವಿಷಯ ಬಂದಾಗ ಅವನು ಹೇಳಿದ: "ಆಗ ಅಷ್ಟು ಹತ್ತಿ ಎಂತಕ್ಕೆ ಇಳೀತು ಗೊತ್ತುಂಟಾ ಆತೆ? ಅಮೆರಿಕದಲ್ಲಿ ಗುಲಾಮರ ಸಲುವಾಗಿ ಅಣ್ಣತಮ್ಮಂದಿರೇ ಹೊಡೆದಾಡಿದ್ರು. ಅಲ್ಲಿ ಹತ್ತಿ ಬೆಳೆಯೋರು ಆ ಗುಲಾಮರೇ. ಅಲ್ಲಿಯ ಹತ್ತಿ ವಿಲಾಯತಿಗೆ ಬರೂದು ನಿಂತಿತು. ಅದಕ್ಕೆ ಇಲ್ಲಿಯದು ಬೇಕಾಯ್ತು."

"ಗುಲಾಮರು ಅಂದ್ರೆ?"

"ನಮ್ಮ ಖಾಪ್ರಿಯಂಥವರೇ. ಆಫ್ರಿಕಾ ಖಂಡದ ಜನ. ಹಡಗಿನವರು ಎಷ್ಟೋ ಜನರನ್ನ ದೊಡ್ಡ ಸಮುದ್ರ ದಾಟಿಸಿ ಆ ಕಡೆ ಮಾರಿದ್ರು. ಪೋರ್ತುಗೀಜರು ಕೆಲವರನ್ನ ಈ ಕಡೆ ಗೋವೆಗೆ ತಂದ್ರು."

ಗಂಗೂ ಆತೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಲ್ಲಿಸಿದಳು. ಅಲ್ಲಿ ಅವರನ್ನು ಬಿಡಿಸಲು ಯುದ್ಧ. ಆ ಯುದ್ಧದಿಂದ ಇಲ್ಲಿ ಹಗ್ಗಕ್ಕೆ ಗಿರಾಕಿ. ಜಗಲಿಯಲ್ಲಿ ಅಷ್ಟು ಹಗ್ಗ ಬಿದ್ದಿದ್ದುದು ಅದಕ್ಕೇ. ಅವಳು ಒಂದೊಂದೇ ಎಳೆ ಹಿಡಿದು ನೋಡಿದಳು. ಕೊನೆ ತನ್ನ ಜಗಲಿಗೇ ಬಂದು ನಿಂತಿತು.

ಮರುದಿನ ಅಂಕೋಲೆಯ ಸಂತೆ. ಅಲ್ಲಿ ಘಟ್ಟದಿಂದ ಇಳಿದು ಬಂದ ಒಬ್ಬ ಸಿದ್ದಿ ಹೆಂಗಸು ಸೀಗೆಕಾಯಿ, ವಾಟೆಹುಳಿ, ಬಿದಿರ ಅಂಡೆಯಲ್ಲಿ ಜೇನು ಇಟ್ಟುಕೊಂಡು ಕೂತಿದ್ದಳು. ಗುಂಗುರು ಕೂದಲು, ಅಗಲವಾದ ಮುಖ. ಹೆಸರು ಸುಬ್ಬಿ. ಗಂಗೂ ಆತೆ ಎದುರಿಗೆ ನಿಂತೇ ಇದ್ದಳು.

"ಸೀಗೆಕಾಯಿ ತಕಾ ಅಜ್ಜೀ," ಎಂದಳು ಸುಬ್ಬಿ. "ತಲೆಯಲ್ಲಿ ನಾಕೇ ಕೂದ್ಲು ಅಂತ ಎಣಿಸ್ಬೇಡ. ನಾಕನ್ನೂ ತೊಳೀಬೇಕಲ."

ಗಂಗೂ ಆತೆಗೆ ನಗು ಬಂತು. ಕೂತುಕೊಂಡಳು. "ನಿಮ್ಮ ಹಿರಿಯರು ಗೋವೆಯಿಂದ ಬಂದೋರೇನೇ ತಂಗೀ?"

"ಅಜ್ಜನ ಅಪ್ಪ ಬಂದನಂತೆ. ಎಲ್ಲಿಂದ ಅಂದ್ರೆ ಹೊಳೆ ಆಚೆಯಿಂದ ಅಂತಿದ್ದ. ಆಚೆಗೆ ಎಷ್ಟು ಹೊಳೆಯೋ, ಯಾರಿಗೆ ಗೊತ್ತು?"

ಗಂಗೂ ಆತೆ ತೊಡೆಯ ಮೇಲಿನ ಸೆರಗನ್ನು ಮಡಿಸಿದಳು, ಬಿಚ್ಚಿದಳು. ಆಮೇಲೆ ಎಲ್ಲ ಹೇಳಿದಳು. ಆದರೆ ತನ್ನ ಮಾತು ಅಂತ ಹೇಳಲಿಲ್ಲ. ನಮ್ಮೂರ ಒಂದು ಮನೆ, ಆ ಮನೆಯ ಒಂದು ಹುಡುಗಿ, ಎಂದಳು.

ಸುಬ್ಬಿ ಕೇಳಿದಳು. "ಅವನ ಹೆಸರೆಂತ?"

"ಹೆಸರು... ಯಾರೂ ಕೇಳಿರಲಿಲ್ಲ."

"ಹೆಸರಿದ್ದಿದ್ರೆ ಮನೆಗೆ ಹೋಗಿ ಹಿರಿಯರ ಹತ್ರ ಕೇಳ್ತಿದ್ದೆ. ಬರ್ತೇನೆ ಅಂದು ಬರದೇ ಹೋದವರು ಬಹಳ ಜನ ಅಜ್ಜೀ. ನಾವು ಹಿರಿಯರಿಗೆ ಎಡೆ ಇಡುವಾಗ ಹೆಸರು ಹೇಳಿ ಇಡ್ತೇವೆ. ಹೆಸರು ಗೊತ್ತಿಲ್ಲದವರಿಗೆಲ್ಲ ಸೇರಿಸಿ ಹೊರಗೆ ಒಂದೇ ಎಲೆ. ಅದ್ರಲ್ಲೇ ಹಂಚ್ಕಂಡು ಉಣ್ಬೇಕು ಅವರು." ಸೀಗೆಕಾಯಿ ತಕ್ಕಡಿಗೆ ಹಾಕುತ್ತ, "ಆ ಹುಡುಗಿ ಈಗ ಇದ್ದಾಳಾ?" ಎಂದಳು.

"ಇಲ್ಲ," ಎಂದಳು ಗಂಗೂ ಆತೆ. "ಸತ್ತು ಬಹಳ ಕಾಲ ಆಯ್ತು." ಹೇಳಿದ ಮೇಲೆ, ಬಾಯಲ್ಲಿ ಮತ್ತೆ ಏನೋ ಸಿಕ್ಕಿಕೊಂಡಂತಾಯಿತು. ಅವಸರದಿಂದ ಮುಂದುವರಿಸಿದಳು: "ಆ ಮನೆಯವರು ಅವನನ್ನ ಮರೆತಿಲ್ಲ ತಂಗೀ. ಕಲ್ಲು ನೆಟ್ಟಿದ್ದಾರೆ. ವರ್ಷಾ ಕೋಳಿ ಕೊಡ್ತಾರೆ, ಸೆರೆ ಕೊಡ್ತಾರೆ, ಹೊಸ ಹಗ್ಗ ಕಟ್ತಾರೆ."

"ಹಗ್ಗ?" ಸುಬ್ಬಿ ಸೀಗೆಕಾಯಿ ತೂಗುತ್ತಿದ್ದ ಕೈ ಇಳಿಸಿದಳು. "ಅಯ್ಯಯ್ಯೋ! ಇನ್ನೂ ಬಿಟ್ಟಿಲ್ವಾ ಅವನನ್ನ?"

ಎಂದು ಗಟ್ಟಿಯಾಗಿ ನಕ್ಕಳು. ಪಕ್ಕದಲ್ಲಿ ಮೀನು ಮಾರುವವಳು ತಿರುಗಿ ನೋಡಿದಳು. ಅಷ್ಟರಲ್ಲಿ ಜೇನಿಗೆ ಯಾರೋ ಬಂದರು, ಸುಬ್ಬಿ ಆ ಕಡೆ ತಿರುಗಿದಳು. ಗಂಗೂ ಆತೆ ಸೀಗೆಕಾಯಿ ಕಟ್ಟಿಕೊಂಡು ಎದ್ದಳು.

ಊರಿಗೆ ಬಂದಾಗ ಅಮಾವಾಸ್ಯೆಗೆ ಹನ್ನೊಂದು ದಿನ ಇತ್ತು. ಈ ಸಲ ಮಾತು ಹೇಳುವ ಸರದಿ ದೇವಿದಾಸನ ಮಗಳು ದಮಯಂತಿಯದು. ಅವಳಿಗೆ ಏಳು ತುಂಬಿ ಎಂಟು. ಮನೆಯಲ್ಲೆಲ್ಲ "ಬಾಂದ್, ಬಾಂದ್" ಎಂದು ಹಾರಾಡುತ್ತಿದ್ದಳು; ಬೆಕ್ಕಿಗೂ ಹೇಳುತ್ತಿದ್ದಳು, ಕೋಳಿಗೂ ಹೇಳುತ್ತಿದ್ದಳು. ಗಂಗೂ ಆತೆ ಪ್ರತಿಸಲವೂ ಕೈಯ ನಾರು ಕೆಳಗಿಡುತ್ತಿದ್ದಳು. ದೇವಿದಾಸನಿಗೆ ಹೇಳಬೇಕು. ಹೇಳಿದರೆ ಅಜ್ಜನ ಮರ್ಯಾದೆ ಹೋಯಿತು, ಅಪ್ಪನಿಂದ ಬಂದ ನಂಬಿಕೆ ಹೋಯಿತು, ನಾಳೆ ಬಾಂದ್ ಒಡೆದರೆ ಅದೂ ಅವಳ ತಲೆಗೇ. ಮೂರು ಸಲ ಜಗಲಿಯವರೆಗೆ ಹೋದಳು, ಮೂರು ಸಲವೂ ತಿರುಗಿ ಬಂದಳು.

ಕಡೆಗೆ ಹೇಡಿಯ ದಾರಿ ಹಿಡಿದಳು. ಹಗ್ಗ ಹೊಸೆಯುವುದಕ್ಕೆ ಒಂದು ನ್ಯಾಯ ಉಂಟು. ಎರಡು ಎಳೆಗಳನ್ನು ಬೇರೆ ಬೇರೆ ಬಲಕ್ಕೆ ತಿರುವಬೇಕು, ಆಮೇಲೆ ಎರಡನ್ನೂ ಕೂಡಿಸಿ ಎಡಕ್ಕೆ ಹೊಸೆಯಬೇಕು. ಎಳೆ ಬಿಚ್ಚಲು ನೋಡಿದರೆ ಹೊಸೆತ ಬಿಡದು, ಹೊಸೆತ ಬಿಚ್ಚಲು ನೋಡಿದರೆ ಎಳೆ ಬಿಡದು. ಒಂದರ ಹಟ ಇನ್ನೊಂದನ್ನು ಹಿಡಿದಿಡುತ್ತದೆ. ಎಳೆಯನ್ನೂ ಹೊಸೆತವನ್ನೂ ಬಲಕ್ಕೇ ತಿರುವಿದರೆ ನೋಡಲು ಹಗ್ಗವೇ, ತುದಿ ಬಿಟ್ಟ ಕೂಡಲೇ ತಾನಾಗಿ ಬಿಚ್ಚಿಕೊಳ್ಳುತ್ತದೆ. ಗಂಗೂ ಆತೆ ಆ ವರ್ಷ ಎಲ್ಲವನ್ನೂ ಬಲಕ್ಕೇ ತಿರುವಿದಳು. ಎರಡು ತುದಿಗೂ ದಾರ ಬಿಗಿದಳು. ಕಲ್ಲಿನೆದುರು ಆ ದಾರ ಬಿಚ್ಚಿಯೇ ಹಗ್ಗ ಕಟ್ಟುವ ಪದ್ಧತಿ.

ಅಮಾವಾಸ್ಯೆಯ ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ಅವಳೂ ಹಿಂದಿನಿಂದ ಹೋಗಿ ತೂಬಿನ ಹತ್ತಿರ ಕೂತಳು. ದೇವಿದಾಸನ ಹೆಂಡತಿ ಹೀರಾ ನೋಡಿದಳು, ಮುಖ ಗಂಟಿಕ್ಕಿದಳು. ದೂರವೇ ಇದ್ದಾಳಲ್ಲ ಎಂದು ಸುಮ್ಮನಾದಳು.

ಕೋಳಿ ಆಯಿತು, ಸೆರೆ ಆಯಿತು. ಚುಟ್ಟಾದ ಹೊಗೆ ಎದ್ದಿತು. ದಮಯಂತಿ ಹೊಸ ಪರಕಾರದ ನೆರಿಗೆ ಹಿಡಿದುಕೊಂಡು ಗಟ್ಟಿಯಾಗಿ "ಬಾಂದ್!" ಎಂದಳು. ದೇವಿದಾಸ ದಾರ ಬಿಚ್ಚಿ ಹಗ್ಗ ಸುತ್ತಿದ. ಎಳೆಗಳು ಕೈಯಲ್ಲೇ ಗಿರಗಿರ ತಿರುಗಿ ಒಂದನ್ನೊಂದು ಬಿಟ್ಟು ನಿಂತವು. ಹಿಡಿದು ಮತ್ತೆ ಸುತ್ತಿದ. ಬರಿಯ ನಾರು. ಮೂರನೆಯ ಸಲವೂ ಗಂಟು ನಿಲ್ಲಲಿಲ್ಲ.

"ಖಾಪ್ರಿಗೆ ಸಿಟ್ಟು ಬಂದಿದೆ," ಎಂದಳು ಹೀರಾ.

ದೇವಿದಾಸ ಮಗಳ ಕಡೆ ತಿರುಗಿದ. "ಎಂತ ಹೇಳಿದ್ಯೇ ನೀನು?"

"ಬಾಂದ್ ಅಂದೆ ಬಾಬಾ."

"ನಗ್ತಾ ಹೇಳಿದೆ! ದೇವರ ಮುಂದೆ ಆಟ ಆಡ್ತೀಯಾ? ಬಾಂದ್ ಒಡೆದ್ರೆ ನಿನ್ನಿಂದ, ತಿಳ್ಕೋ!" ಎಂದು ಕಿವಿ ಹಿಡಿದ.

"ನಾ ಸರೀ ಹೇಳಿದ್ದೆ, ಸರೀ ಹೇಳಿದ್ದೆ," ಎಂದು ಹುಡುಗಿ ಅತ್ತಳು.

ಹದಿನೇಳು ಹೆಜ್ಜೆ. ಗಂಗೂ ಆತೆ ಒಂದೊಂದನ್ನೂ ಎಣಿಸುತ್ತ ನಡೆದಳು. "ಅವಳನ್ನ ಬಿಡು ದೇವೀ. ಅವಳು ಸರಿಯಾಗೇ ಹೇಳಿದ್ದಾಳೆ. ಹಗ್ಗ ಹಾಗೆ ಹೊಸೆದದ್ದು ನಾನು."

"ಆತೇ, ನೀನು ಇಲ್ಲಿಗೆಲ್ಲ ಬರೂದಲ್ಲ."

"ಗೊತ್ತು. ಮೊದಲು ಈ ಮಾತು ಹೇಳಿದ ಹುಡುಗಿ ನಾನೇ. ಇವನು ಬಾಂದ್ ಕಾಯ್ತಾ ಸಾಯಲಿಲ್ಲ. ಇಲ್ಲಿ ಅಡಗಿದ್ದ. ನಾನು ತೋರಿಸಿಕೊಟ್ಟೆ. ನಮ್ಮ ಹಗ್ಗದಲ್ಲೇ ಕಟ್ಟಿ ಒಯ್ದರು."

"ಬಿಸಿಲು ತಾಗಿದೆ ಇವರಿಗೆ," ಎಂದಳು ಹೀರಾ. "ಮನೆಗೆ ಕರ್ಕೊಂಡು ಹೋಗುವ."

"ಬಿಸಿಲಲ್ಲ ಹೀರಾ. ಬಚ್ಚಲ ಹಂಡೆಯ ಕಿವಿಯ ಕೆಳಗೆ ಅಕ್ಷರ ಉಂಟಲ್ಲ, ನಮ್ಮಲ್ಲಿ ಯಾರಿಗೂ ಓದಲು ಬಾರದ್ದು? ಅದು ಅವನ ಒಡೆಯನ ಹೆಸರು. ಹಿಡಿದುಕೊಟ್ಟದ್ದಕ್ಕೆ ಬಂದ ಹಂಡೆ. ನನ್ನ ಮದುವೆಯ ನೀರು ಅದರಲ್ಲೇ ಕಾದದ್ದು. ನಿನ್ನ ಬಾಣಂತಿ ನೀರೂ ಅದರಲ್ಲೇ."

ದೇವಿದಾಸ ಮಗಳ ಕಿವಿ ಬಿಟ್ಟ. ಹುಡುಗನಾಗಿದ್ದಾಗ ಆ ಅಕ್ಷರಗಳ ಮೇಲೆ ಅವನೂ ಬೆರಳಾಡಿಸಿದ್ದ. ಇದೆಂತ ಎಂದು ಅಪ್ಪನನ್ನು ಕೇಳಿ ಬೈಸಿಕೊಂಡಿದ್ದ. ಕೈಯಲ್ಲಿದ್ದ ನಾರನ್ನೂ ಕಲ್ಲನ್ನೂ ನೋಡಿದ. ಅವನ ಬಾಯಿಂದ ಬಂದದ್ದು ಒಂದೇ ಮಾತು: "ಬಾಂದ್ ಒಡೆದ್ರೆ?"

"ಒಡೆದ್ರೆ ಮಣ್ಣು ಹಾಕುವ. ನಮ್ಮ ಗದ್ದೆಯನ್ನ ಅವನು ಎಂತಕ್ಕೆ ಹಿಡೀಬೇಕು?"

ಅವಳು ಬಗ್ಗಿ ಕಲ್ಲಿಗೆ ಅಂಟಿಕೊಂಡಿದ್ದ ಹಳೆಯ ವರ್ಷಗಳ ಹಗ್ಗದ ಚೂರುಗಳನ್ನು ಉಗುರಿನಿಂದ ಕಿತ್ತಳು. ಕೊಂಕಣಿಯಲ್ಲಿ ಬಿಡು ಎನ್ನುವುದಕ್ಕೆ ಸೋಡ್ ಎನ್ನುತ್ತಾರೆ. ಅದನ್ನು ದಮಯಂತಿಯ ಬಾಯಿಂದ ಹೇಳಿಸಬಹುದಿತ್ತು. ಇನ್ನೊಂದು ಮಗುವಿನ ಬಾಯಲ್ಲಿ ಇನ್ನೊಂದು ಮಾತು ಇಡಲು ಅವಳಿಗೆ ಮನಸ್ಸಾಗಲಿಲ್ಲ. ತಾನೇ ಹೇಳಿದಳು, ಕಲ್ಲಿಗೆ ಮಾತ್ರ ಕೇಳುವಷ್ಟು.

ಆ ವರ್ಷ ಕಲ್ಲು ಹಾಗೆಯೇ ನಿಂತಿತು. ಮಳೆ ಹಿಡಿಯಿತು. ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತಿಗೆಲ್ಲ ಗಂಗೂ ಆತೆ ಗೊರಬು ಹೊದ್ದು ತೂಬಿನ ಹತ್ತಿರ ಹೋಗಿ ಕೂರುತ್ತಿದ್ದಳು. ಶ್ರಾವಣದಲ್ಲಿ ಒಂದು ಕಡೆ ನೀರು ಜಿನುಗಿತು. ದೇವಿದಾಸ ಸೊಂಟದವರೆಗೆ ಕೆಸರಿನಲ್ಲಿ ಇಳಿದು, ಕಾಂಡ್ಲದ ಕೊಂಬೆ ತುರುಕಿ ಮಣ್ಣು ಮೆತ್ತಿದ. ಅವಳು ಮೇಲಿನಿಂದ ಹೆಂಟೆ ಎತ್ತಿ ಕೊಟ್ಟಳು. ನೋಡಿದೆಯಾ ಎಂದು ಅವನು ಅನ್ನಲಿಲ್ಲ. ಆದರೆ ಅವಳ ಮುಖವನ್ನೂ ನೋಡಲಿಲ್ಲ. ಬಾಂದ್ ನಿಂತಿತು. ಹಂಡೆ ಬಚ್ಚಲಲ್ಲೇ ಉಳಿಯಿತು. ಗಂಗೂ ಆತೆ ಮಾತ್ರ ಅಂದಿನಿಂದ ಬಾವಿಕಟ್ಟೆಯಲ್ಲಿ ತಣ್ಣೀರು ಮೀಯತೊಡಗಿದಳು.

ಮರುವರ್ಷ ಅವಳು ಹಗ್ಗ ಹೊಸೆಯಲಿಲ್ಲ. ದೇವಿದಾಸ ಕೇಳಲೂ ಇಲ್ಲ, ಕಾರವಾರದ ಪೇಟೆಯಿಂದ ಒಂದು ಸುತ್ತು ಹಗ್ಗ ತಂದ. ದಮಯಂತಿಯನ್ನು ಕರೆಯಲಿಲ್ಲ. ಒಬ್ಬನೇ ಹೋಗಿ, ಹಗ್ಗವನ್ನು ಕಲ್ಲಿನ ಬುಡದಲ್ಲಿ ಇಟ್ಟು ಬಂದ. ಕಟ್ಟಲೂ ಇಲ್ಲ, ಬಿಡಲೂ ಇಲ್ಲ.

ಮಾರನೆಯ ಬೆಳಿಗ್ಗೆ ಗಂಗೂ ಆತೆ ಅಲ್ಲಿಗೆ ಹೋದಳು. ಬಾಳೆಲೆಯ ಮೇಲೆ ಸ್ವಲ್ಪ ಅನ್ನ ಇಟ್ಟಳು. ಹೆಸರು ಹೇಳಲು ಬಾಯಿ ತೆರೆದು, ಸುಮ್ಮನೆ ಮುಚ್ಚಿದಳು. ಆಮೇಲೆ ಕಾಲು ಚಾಚಿ ಕೂತು, ಪೇಟೆಯ ಹಗ್ಗದ ತುದಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಎಡಕ್ಕೆ ಹೊಸೆದದ್ದನ್ನು ಬಲಕ್ಕೆ, ಬಲಕ್ಕೆ ತಿರುವಿದ್ದನ್ನು ಎಡಕ್ಕೆ ಬಿಚ್ಚತೊಡಗಿದಳು. ದಮಯಂತಿ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕೂತಳು.

"ಎಂತ ಮಾಡ್ತಿ ಆಜೀ?"

"ಬಿಚ್ತಾ ಇದ್ದೇನೆ."

"ಇಷ್ಟೂ ಮುಗೀತದಾ?"

"ಇದು ಮುಗೀತದೆ," ಎಂದಳು.

ಮಧ್ಯಾಹ್ನ ಹೀರಾ ಊಟಕ್ಕೆ ಕೂಗಿದಾಗ ಎರಡು ಮೊಳ ಇನ್ನೂ ಉಳಿದಿತ್ತು. ಗಂಗೂ ಆತೆ ಏಳದೆ ಬಿಚ್ಚುತ್ತಲೇ ಇದ್ದಳು.